ಲ್ಯಾಪ್‌ಟಾಪ್ ಕೊಂಡಿರಿ, ಒಳಗೆ ಏನು ಹಾಕಿಸುತ್ತೀರಿ?

ನಮ್ಮ ತರಗತಿಯಲ್ಲಿ ಯಾರಾದರೂ ಲ್ಯಾಪ್‌ಟಾಪ್ ಕೊಂಡರೆ ಕೇಳುವ ಪ್ರಶ್ನೆಗಳು ಮೂರೇ. ಯಾವ ಕಂಪನಿ, ರ‍್ಯಾಮ್ ಎಷ್ಟು, ಎಷ್ಟಕ್ಕೆ ಬಂತು. ಅದರೊಳಗೆ ಯಾವ ಆಪರೇಟಿಂಗ್ ಸಿಸ್ಟಂ ಇದೆ ಎಂದು ಯಾರೂ ಕೇಳುವುದಿಲ್ಲ. ಉತ್ತರ ಎಲ್ಲರಿಗೂ ಗೊತ್ತು: ವಿಂಡೋಸ್. ಅದು ಎಲ್ಲಿಂದ ಬಂತು ಎಂದರೆ ಅದಕ್ಕೂ ಉತ್ತರ ಗೊತ್ತು: ಅಂಗಡಿಯವರು ಹಾಕಿಕೊಟ್ಟರು.

ನಾನು ಬರೆಯಲು ಹೊರಟಿರುವುದು ಆ ಎರಡನೇ ಉತ್ತರದ ಬಗ್ಗೆ. ಇದನ್ನು ಓದುವವರಲ್ಲಿ ಸೈನ್ಸ್‌ನವರು ಇರುತ್ತೀರಿ, ನನಗಿಂತ ಹೆಚ್ಚು ತಿಳಿದವರು ಇರುತ್ತೀರಿ. ಆದರೆ ಕಂಪ್ಯೂಟರ್ ಬಗ್ಗೆ ಬರೆಯುವ ಹಕ್ಕು ಅವರದ್ದು ಮಾತ್ರ ಅಲ್ಲ. ದುಡ್ಡು ಕೊಟ್ಟು ಕೊಂಡ ಆಸ್ತಿಯ ಬೆಲೆ ಹೇಗೆ ಇಳಿಯುತ್ತದೆ ಎಂದು ಓದುವವರು ನಾವು ಕಾಮರ್ಸ್‌ನವರು.

ಯಾದಗಿರಿ, ಶಹಾಪುರ, ಸುರಪುರದ ನಮ್ಮಂಥ ಮನೆಗಳಿಗೆ ಹೊಸ ಲ್ಯಾಪ್‌ಟಾಪ್ ಬರುವುದು ಅಪರೂಪ. ಬರುವುದು ಸೆಕೆಂಡ್ ಹ್ಯಾಂಡ್. ದೊಡ್ಡ ಊರಿನ ಕಂಪನಿಗಳು ಮೂರ‍್ನಾಲ್ಕು ವರ್ಷ ಬಳಸಿ ಮಾರಿದ ಗಟ್ಟಿ ಕಪ್ಪು ಲ್ಯಾಪ್‌ಟಾಪುಗಳು ಹೈದರಾಬಾದಿನಿಂದಲೋ ಬೆಂಗಳೂರಿನಿಂದಲೋ ಬರುತ್ತವೆ. ನಮ್ಮ ಮನೆಗೂ ಹಾಗೆಯೇ ಬಂತು. ಅಮ್ಮಿ ಚೀಟಿ ಎತ್ತಿದ ಹಣ, ತಂದುಕೊಟ್ಟವರು ಹೈದರಾಬಾದಿನ ಮಾಮು. ಅದನ್ನು ನಾನು, ಡಿಗ್ರಿ ಓದುವ ಆಪಾ, ಎಂಟನೇ ತರಗತಿಯ ತಮ್ಮ, ಮೂವರೂ ಬಳಸುತ್ತೇವೆ. ಸಂಜೆ ಕತ್ತಲಾದ ಮೇಲೆ ಹುಡುಗಿಯರು ಸೈಬರ್ ಸೆಂಟರಿಗೆ ಹೋಗಿ ಕೂರುವುದು ನಮ್ಮ ಓಣಿಯಲ್ಲಿ ನಡೆಯುವ ಮಾತಲ್ಲ. ಮನೆಯ ಯಂತ್ರ ಕೆಟ್ಟರೆ ನನಗೂ ಆಪಾಗೂ ಬೇರೆ ದಾರಿ ಇಲ್ಲ. ಆದ್ದರಿಂದ ಒಳಗೆ ಏನಿದೆ ಎಂಬ ಪ್ರಶ್ನೆ ನನಗೆ ಶೋಕಿಯ ಪ್ರಶ್ನೆ ಅಲ್ಲ.

ಈಗ ಲೆಕ್ಕಕ್ಕೆ ಬರೋಣ. ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಬೆಂಬಲವನ್ನು 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿತು. ಕಂಪ್ಯೂಟರ್ ಮರುದಿನ ಬಂದ್ ಆಗುವುದಿಲ್ಲ, ಎಂದಿನಂತೆ ಓಡುತ್ತದೆ. ಆದರೆ ಹೊಸದಾಗಿ ಕಂಡುಬರುವ ಭದ್ರತೆಯ ತೂತುಗಳನ್ನು ಮುಚ್ಚುವ ಅಪ್‌ಡೇಟ್ ಬರುವುದಿಲ್ಲ. ಮನೆ ಬಳಕೆದಾರರು ಹೆಸರು ನೋಂದಾಯಿಸಿದರೆ ಇನ್ನೊಂದು ವರ್ಷ, ಅಂದರೆ 2026ರ ಅಕ್ಟೋಬರ್ 13ರವರೆಗೆ, ಭದ್ರತಾ ಅಪ್‌ಡೇಟ್ ಕೊಡುವುದಾಗಿ ಕಂಪನಿ ಹೇಳಿದೆ. ಈ ವಿಷಯ ನಮ್ಮ ಊರಿನ ಎಷ್ಟು ಜನರಿಗೆ ಗೊತ್ತು?

ಹಾಗಾದರೆ ವಿಂಡೋಸ್ 11ಕ್ಕೆ ಹೋಗೋಣ ಎಂದರೆ ಅದಕ್ಕೆ ಬಾಗಿಲಲ್ಲೇ ಕಾವಲುಗಾರ ಇದ್ದಾನೆ. 4 ಜಿಬಿ ರ‍್ಯಾಮ್, 64 ಜಿಬಿ ಜಾಗ ಇದ್ದರೆ ಸಾಲದು. ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಡಿಮೆ ಎಂಟನೇ ಪೀಳಿಗೆಯದ್ದೋ ನಂತರದ್ದೋ ಆಗಿರಬೇಕು. ಎಂಟನೇ ಪೀಳಿಗೆ ಮಾರುಕಟ್ಟೆಗೆ ಬಂದದ್ದು 2017ರಲ್ಲಿ. ನಮ್ಮ ಕೈಗೆ ಬರುವ ‘ಐ5 ಸಿಕ್ಸ್ತ್ ಜನರೇಷನ್’ ಅದಕ್ಕಿಂತ ಹಿಂದಿನದು. ಕೀಲಿಮಣೆ ಗಟ್ಟಿ ಇದೆ, ಪರದೆ ಚೆನ್ನಾಗಿದೆ, ಬ್ಯಾಟರಿ ಎರಡು ತಾಸು ಬರುತ್ತದೆ, ಆದರೂ ಕಾಗದದ ಮೇಲೆ ಅದು ಮುದುಕ. ಸವಕಳಿಯ ಪಾಠದಲ್ಲಿ ಆಸ್ತಿಯ ಬೆಲೆ ಇಳಿಯಲು ಇರುವ ಕಾರಣಗಳಲ್ಲಿ ‘ಆಬ್ಸೊಲೆಸೆನ್ಸ್’ ಎಂಬುದೂ ಒಂದು ಎಂದು ಓದಿದ್ದೇವಲ್ಲ, ಅದರ ಉದಾಹರಣೆ ನಮ್ಮ ಮನೆಯ ಮೇಜಿನ ಮೇಲೇ ಇದೆ. ಸವೆದಿಲ್ಲ, ಆದರೂ ಹಳೆಯದಾಯಿತು.

ಇಲ್ಲಿಗೆ ಅಂಗಡಿಯವರು ಬರುತ್ತಾರೆ. ‘ತರ‍್ರಿ, ನಾನೂರು ರೂಪಾಯಿ ಕೊಡ್ರಿ, ಇಲೆವನ್ ಹಾಕಿ, ಆಫೀಸ್ ಹಾಕಿ, ಫೋಟೊಶಾಪ್ ಹಾಕಿ ಎಲ್ಲಾ ಮಾಡಿಕೊಡ್ತೀವಿ.’ ನನಗೂ ಒಬ್ಬರು ಹೀಗೆ ಹೇಳಿದ್ದರು. ಯಾವ ಅಂಗಡಿ ಎಂಬುದು ಮುಖ್ಯವಲ್ಲ, ಯಾವ ಊರಿನಲ್ಲಿ ಬೇಕಾದರೂ ಈ ಮಾತು ಕೇಳಬಹುದು. ವಿಂಡೋಸ್‌ನ ಅಸಲಿ ಪರವಾನಗಿಗೆ ಹತ್ತು ಸಾವಿರದ ಆಸುಪಾಸು ಬೆಲೆ ಇರುವಾಗ ನಾನೂರಕ್ಕೆ ಅದು ಹೇಗೆ ಬರುತ್ತದೆ ಎಂದು ಲೆಕ್ಕ ಓದುವ ನಾವಾದರೂ ಕೇಳಬೇಡವೇ? ಬರುವುದು ಕ್ರ್ಯಾಕ್. ಪರವಾನಗಿಯ ಬೀಗ ಒಡೆಯುವ ಒಂದು ಸಣ್ಣ ಪ್ರೋಗ್ರಾಂ. ಅದನ್ನು ಓಡಿಸುವ ಮೊದಲು ಆ್ಯಂಟಿವೈರಸ್ ಬಂದ್ ಮಾಡಬೇಕಾಗುತ್ತದೆ. ಕಳ್ಳನನ್ನು ಒಳಗೆ ಕರೆಯಲು ಕಾವಲು ನಾಯಿಯನ್ನು ಕಟ್ಟಿಹಾಕಿದ ಹಾಗೆ. ಹೀಗೆ ಹಾಕಿಸಿಕೊಂಡವರು ಕ್ರ್ಯಾಕ್ ಹೋದೀತೆಂದು ಅಪ್‌ಡೇಟನ್ನೂ ಬಂದ್ ಮಾಡಿಟ್ಟಿರುತ್ತಾರೆ.

ಅಪ್‌ಡೇಟ್ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ 2017ರ ಮೇ ತಿಂಗಳ ವನ್ನಾಕ್ರೈ ಸಾಕ್ಷಿ. ಕಡತಗಳಿಗೆಲ್ಲ ಬೀಗ ಹಾಕಿ ಹಣ ಕೇಳುವ ಆ ವೈರಸ್ ಬ್ರಿಟನ್ನಿನ ಆಸ್ಪತ್ರೆಗಳನ್ನೂ ಬಿಡಲಿಲ್ಲ. ಅದು ನುಗ್ಗಿದ ತೂತನ್ನು ಮುಚ್ಚುವ ಅಪ್‌ಡೇಟ್ ಮಾರ್ಚ್‌ನಲ್ಲೇ ಬಂದಿತ್ತು. ಹಾಕಿಕೊಳ್ಳದವರು ಸಿಕ್ಕಿಬಿದ್ದರು. ನಮ್ಮ ಲ್ಯಾಪ್‌ಟಾಪಿನಲ್ಲಿ ಏನಿದೆ ಮಹಾ ಎನ್ನಬೇಡಿ. ಸ್ಕಾಲರ್‌ಶಿಪ್ ಅರ್ಜಿಗೆ ಸ್ಕ್ಯಾನ್ ಮಾಡಿದ ಆಧಾರ್, ಆದಾಯ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ, ಅಮ್ಮಿಯ ಮೊಬೈಲ್ ನಂಬರ್, ಎಲ್ಲವೂ ಒಂದೇ ಫೋಲ್ಡರಿನಲ್ಲಿ ಕೂತಿವೆ.

ಒಂದು ಮಾತು ಮರೆಯುವ ಮೊದಲು ಹೇಳಿಬಿಡುತ್ತೇನೆ. ಕಂಪನಿಗಳಿಂದ ಬಂದ ಹಳೆಯ ಲ್ಯಾಪ್‌ಟಾಪುಗಳಲ್ಲಿ ಅಸಲಿ ವಿಂಡೋಸ್ ಪರವಾನಗಿ ಅನೇಕ ಸಲ ಯಂತ್ರದ ಜೊತೆಗೇ ಇರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ‘ಆ್ಯಕ್ಟಿವೇಷನ್’ ಎಂಬಲ್ಲಿ ನೋಡಿದರೆ ತಿಳಿಯುತ್ತದೆ. ಅದನ್ನು ನೋಡದೆ ಅಂಗಡಿಗೆ ಕೊಟ್ಟು ಫಾರ್ಮ್ಯಾಟ್ ಮಾಡಿಸುವವರು ಅಸಲಿಯನ್ನು ಅಳಿಸಿ ನಕಲಿಗೆ ದುಡ್ಡು ಕೊಡುತ್ತಿರುತ್ತಾರೆ.

ಎದುರಾಳಿ ಯಾರು? ಆ್ಯಪಲ್ ಬಗ್ಗೆ ಒಂದೇ ವಾಕ್ಯ: ಬೆಲೆ ನೋಡಿ ಮುಂದೆ ಹೋಗೋಣ. ಉಳಿದದ್ದು ಲಿನಕ್ಸ್. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ, ತನ್ನ 21ನೇ ವಯಸ್ಸಿನಲ್ಲಿ, ಇದರ ತಿರುಳನ್ನು ಬರೆದು ಎಲ್ಲರಿಗೂ ತೆರೆದಿಟ್ಟ. ಅದರ ಮೇಲೆ ಬೇರೆ ಬೇರೆಯವರು ಕಟ್ಟಿದ ಉಬುಂಟು, ಮಿಂಟ್, ಡೆಬಿಯನ್ ಎಂಬ ಬಗೆಗಳಿವೆ. ನಮ್ಮ ಸರ್ಕಾರದ ಸಿ-ಡ್ಯಾಕ್ ಸಂಸ್ಥೆಯದೇ ‘ಬಾಸ್’ ಎಂಬುದೊಂದಿದೆ. ಲಿನಕ್ಸ್ ಎಂದರೆ ಹ್ಯಾಕರ್‌ಗಳ ಕಪ್ಪು ಪರದೆ ಎಂದು ಹೆದರುವವರ ಜೇಬಿನಲ್ಲಿರುವ ಆಂಡ್ರಾಯ್ಡ್ ಫೋನ್ ಓಡುವುದೂ ಅದೇ ತಿರುಳಿನ ಮೇಲೆ. ಪಕ್ಕದ ಕೇರಳದ ಸರ್ಕಾರಿ ಶಾಲೆಗಳ ಕಂಪ್ಯೂಟರ್ ಪಾಠ ಎಷ್ಟೋ ವರ್ಷಗಳಿಂದ ಲಿನಕ್ಸ್‌ನಲ್ಲೇ ನಡೆಯುತ್ತಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿಯುತ್ತಾರೆ. ಅವರಿಗೆ ಆಗುವುದು ನಮಗೆ ಆಗದೇ?

ನನಗೆ ಇದರಲ್ಲಿ ಹೆಚ್ಚು ಹಿಡಿಸಿದ್ದು ವೇಗ ಅಲ್ಲ, ಭಾಷೆ. ನಮ್ಮ ಮನೆಯಲ್ಲಿ ಮಾತು ಉರ್ದು, ಶಾಲೆಯಿಂದ ಇಲ್ಲಿಯವರೆಗೆ ಓದು ಕನ್ನಡ. ಒಂದೇ ಯಂತ್ರ ಎರಡನ್ನೂ ಬರೆಯಬೇಕು. ನಮ್ಮ ಊರಿನ ಟೈಪಿಂಗ್ ಅಂಗಡಿಗಳಲ್ಲಿ ಕನ್ನಡ ಎಂದರೆ ನುಡಿ, ಉರ್ದು ಎಂದರೆ ಇನ್‌ಪೇಜ್. ಎರಡೂ ವಿಂಡೋಸ್‌ಗಾಗಿ ಮಾಡಿದವು. ಹಳೆಯ ನುಡಿ ಫಾಂಟಿನಲ್ಲಿ ಮಾಡಿದ ಅರ್ಜಿಯನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಕನ್ನಡ ಹೋಗಿ ಚಿತ್ರವಿಚಿತ್ರ ಇಂಗ್ಲಿಷ್ ಅಕ್ಷರ ಬರುವುದನ್ನು ನೀವೂ ನೋಡಿರಬಹುದು. ಹಳೆಯ ಇನ್‌ಪೇಜ್ ಕಡತದ ಹಣೆಬರಹವೂ ಅದೇ. ಯೂನಿಕೋಡ್‌ನಲ್ಲಿ ಬರೆದರೆ ಈ ತಾಪತ್ರಯ ಇಲ್ಲ, ವಿಂಡೋಸ್‌ನಲ್ಲೂ ಇಲ್ಲ, ಲಿನಕ್ಸ್‌ನಲ್ಲೂ ಇಲ್ಲ, ಫೋನಿನಲ್ಲೂ ಇಲ್ಲ. ಲಿನಕ್ಸ್‌ನ ಕೀಬೋರ್ಡ್ ಪಟ್ಟಿಯಲ್ಲಿ ಕನ್ನಡದ ಕೆಳಗೆ ‘ಕಗಪ’ ಎಂದು ಒಂದಿದೆ. ಕನ್ನಡ ಗಣಕ ಪರಿಷತ್ತಿನ ಹೆಸರು ಅದು. ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದ, ನುಡಿಯಲ್ಲಿ ನಾವು ಬೆರಳು ಪಳಗಿಸಿಕೊಂಡ ಅದೇ ಕೀಲಿಮಣೆ. ಒತ್ತಕ್ಷರಕ್ಕೆ ಎಫ್ ಕೀಲಿ ಒತ್ತುವುದು ಇಲ್ಲಿಯೂ ಹಾಗೆಯೇ. ಬೇರೆ ಏನನ್ನೂ ಹಾಕಿಕೊಳ್ಳದೆ ಈ ಲೇಖನವನ್ನು ಅದರಲ್ಲೇ ಟೈಪ್ ಮಾಡಿದ್ದೇನೆ.

ಉರ್ದು ಇನ್ನೂ ಸೂಕ್ಷ್ಮ. ಅರಬ್ಬಿಯ ನಸ್ಖ್ ಅಕ್ಷರದಲ್ಲಿ ಉರ್ದು ತೋರಿಸಿದರೆ ಅಬ್ಬಾ ಓದುತ್ತಾರೆ, ಆದರೆ ಮುಖ ಸಿಂಡರಿಸುತ್ತಾರೆ. ಅವರಿಗೆ ಉರ್ದು ಎಂದರೆ ಬಲದಿಂದ ಎಡಕ್ಕೆ ಇಳಿಜಾರಿನಲ್ಲಿ ಜಾರುವ ನಸ್ತಾಲೀಖ್. ಗೂಗಲ್‌ನ ‘ನೋಟೊ ನಸ್ತಾಲೀಖ್ ಉರ್ದು’ ಎಂಬ ಫಾಂಟ್ ಪುಕ್ಕಟೆ ಸಿಗುತ್ತದೆ. ಅದನ್ನು ಹಾಕಿ, ಲಿಬ್ರೆ ಆಫೀಸಿನಲ್ಲಿ ಬಲದಿಂದ ಎಡಕ್ಕೆ ಎಂದು ಗುಂಡಿ ಒತ್ತಿ, ದಾದಿಗೆ ಒಂದು ಕಾಗದ ಬರೆದು ಪ್ರಿಂಟ್ ತೆಗೆಸಿ ಕೊಟ್ಟೆ. ಕಂಪ್ಯೂಟರ್ ತಂದ ದಿನದಿಂದ ‘ಚಲ್ತಾ ಕ್ಯಾ?’ ಎಂದಷ್ಟೇ ಕೇಳುತ್ತಿದ್ದ ಅಬ್ಬಾ ಆ ಕಾಗದವನ್ನು ತಾವೇ ಇನ್ನೊಮ್ಮೆ ಓದಿದರು. ನ್ಯಾಯವಾಗಿ ಹೇಳಬೇಕೆಂದರೆ ವಿಂಡೋಸ್‌ನಲ್ಲೂ ಇದನ್ನು ಮಾಡಬಹುದು. ಆದರೆ ಇದಕ್ಕೆ ವಿಂಡೋಸೇ ಬೇಕು ಎಂಬ ಮಾತು ಸುಳ್ಳು.

ಇನ್ನು ನನ್ನ ವಾದಕ್ಕೆ ಬೀಳುವ ದೊಡ್ಡ ಪೆಟ್ಟು. ಟ್ಯಾಲಿ.

ಯಾದಗಿರಿಯ ಹತ್ತಿ ಜಿನ್ನಿಂಗ್ ಮಿಲ್ಲಿಗೆ ಹೋಗಿ, ಎಪಿಎಂಸಿಯ ಅಡತಿ ಅಂಗಡಿಗೆ ಹೋಗಿ, ತೊಗರಿ ಬೇಳೆ ಮಿಲ್ಲಿಗೆ ಹೋಗಿ, ಕೆಲಸ ಕೇಳಿದರೆ ಬರುವ ಮೊದಲ ಪ್ರಶ್ನೆ ‘ಟ್ಯಾಲಿ ಬರ್ತದೇನು?’ ಬೆಂಗಳೂರಿನಲ್ಲಿ 1986ರಲ್ಲಿ ಹುಟ್ಟಿದ, ಗೋಯೆಂಕಾ ತಂದೆ ಮಗ ಕಟ್ಟಿದ ನಮ್ಮ ರಾಜ್ಯದ್ದೇ ಸಾಫ್ಟ್‌ವೇರ್ ಅದು. ಓಡುವುದು ವಿಂಡೋಸ್ ಮೇಲೆ. ಪಾವತಿಗೆ ಎಫ್5, ರಶೀದಿಗೆ ಎಫ್6, ಜರ್ನಲ್‌ಗೆ ಎಫ್7, ಮಾರಾಟಕ್ಕೆ ಎಫ್8, ಖರೀದಿಗೆ ಎಫ್9 ಎಂದು ಬೆರಳು ತಾನಾಗಿ ಹೋಗಬೇಕು. ಲಿನಕ್ಸ್‌ನಲ್ಲಿ ಗ್ನೂಕ್ಯಾಶ್ ಎಂಬ ಒಳ್ಳೆಯ ಲೆಕ್ಕದ ಸಾಫ್ಟ್‌ವೇರ್ ಪುಕ್ಕಟೆ ಇದೆ, ಡೆಬಿಟ್ ಕ್ರೆಡಿಟ್ ತಿಳಿಯಲು ನಾನು ಅದನ್ನು ಬಳಸಿದ್ದೇನೆ. ಆದರೆ ಅಡತಿಯ ಸಾಹುಕಾರರ ಮುಂದೆ ಗ್ನೂಕ್ಯಾಶ್ ಬರುತ್ತದೆ ಎಂದರೆ ಅವರು ಚಹಾ ಕುಡಿಸಿ ಕಳಿಸುತ್ತಾರೆ. ‘ಲಿನಕ್ಸ್ ಕಲಿತು ಇಲ್ಲಿ ಯಾರು ಕೆಲಸ ಕೊಡ್ತಾರೆ?’ ಎಂದು ನಮ್ಮ ಉಪನ್ಯಾಸಕರೊಬ್ಬರು ಕೇಳಿದಾಗ ನನ್ನ ಬಳಿ ಎದುರುತ್ತರ ಇರಲಿಲ್ಲ. ಈಗಲೂ ಇಲ್ಲ. ಅವರು ಹೇಳಿದ್ದು ನಿಜ.

ಆದರೆ ಟ್ಯಾಲಿ ಕಲಿಯಲು ಇಂಟರ್ನೆಟ್ ಬೇಕಿಲ್ಲ. ಕಲಿಯುವವರಿಗೆಂದು ಟ್ಯಾಲಿಯಲ್ಲೇ ಎಜುಕೇಷನಲ್ ಮೋಡ್ ಇದೆ, ದುಡ್ಡಿಲ್ಲ. ತಿಂಗಳ 1, 2 ಮತ್ತು 31ನೇ ತಾರೀಖಿನ ವೋಚರ್ ಮಾತ್ರ ಹಾಕಲು ಬಿಡುತ್ತದೆ, ಅಭ್ಯಾಸಕ್ಕೆ ಅಷ್ಟು ಸಾಕು. ಹೀಗಾಗಿ ನಮ್ಮ ಮನೆಯಲ್ಲಿ ಮಾಡಿಕೊಂಡ ಏರ್ಪಾಡು ಹೀಗಿದೆ. ಲ್ಯಾಪ್‌ಟಾಪಿನ ಜೊತೆಗೆ ಬಂದ ಅಸಲಿ ವಿಂಡೋಸ್ 10 ಒಂದು ಭಾಗದಲ್ಲಿ ಹಾಗೇ ಇದೆ. ಅದರಲ್ಲಿ ಟ್ಯಾಲಿ ಮಾತ್ರ. ವೈಫೈ ಬಂದ್, ಹೊರಗಿನ ಪೆನ್‌ಡ್ರೈವ್ ಹಾಕುವ ಹಾಗಿಲ್ಲ. ಇನ್ನೊಂದು ಭಾಗದಲ್ಲಿ ಲಿನಕ್ಸ್ ಮಿಂಟ್. ಸ್ಕಾಲರ್‌ಶಿಪ್ ಅರ್ಜಿ, ಬ್ಯಾಂಕ್, ಪಾಠದ ವಿಡಿಯೊ, ಆಪಾಳ ಪ್ರಾಜೆಕ್ಟ್, ತಮ್ಮನ ಆಟ ಎಲ್ಲ ಅದರಲ್ಲಿ. ಯಂತ್ರ ಚಾಲೂ ಮಾಡುವಾಗ ಯಾವುದು ಬೇಕೆಂದು ಅದೇ ಕೇಳುತ್ತದೆ. ನಿಮ್ಮ ಲ್ಯಾಪ್‌ಟಾಪ್ ಎಂಟನೇ ಪೀಳಿಗೆಯದ್ದೋ ಹೊಸದೋ ಆಗಿ, ಅಸಲಿ ಪರವಾನಗಿ ಇದ್ದರೆ ಇಷ್ಟು ಸರ್ಕಸ್ ಬೇಡ. ವಿಂಡೋಸ್ 11ಕ್ಕೆ ಏರಿಸಿಕೊಂಡು ಸುಮ್ಮನಿರಿ. ಲಿನಕ್ಸ್ ಪಕ್ಷದ ಕಾರ್ಯಕರ್ತಳಲ್ಲ ನಾನು.

ಪುಕ್ಕಟೆ ಎಂಬ ಮಾತಿಗೂ ಬೆಲೆ ಇದೆ. ಅರ್ಥಶಾಸ್ತ್ರದ ಮೇಡಂ ಹೇಳುವ ಅವಕಾಶ ವೆಚ್ಚ. ಮಿಂಟ್‌ನ ಕಡತ ಹೆಚ್ಚುಕಡಿಮೆ 3 ಜಿಬಿ, ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕ್‌ನಲ್ಲಿ ಎರಡು ದಿನದ ಡೇಟಾ ಅದಕ್ಕೇ ಹೋಯಿತು, ಮನೆಯಲ್ಲಿ ಎರಡು ದಿನ ನನ್ನ ಮೇಲೆ ಎಲ್ಲರ ಸಿಟ್ಟು. ಕೆಲವು ಪ್ರಿಂಟರ್‌ಗಳು ಲಿನಕ್ಸ್ ಜೊತೆ ಮಾತೇ ಆಡುವುದಿಲ್ಲ, ಪಿಡಿಎಫ್ ಮಾಡಿ ಝೆರಾಕ್ಸ್ ಅಂಗಡಿಗೇ ಹೋಗಬೇಕು. ಎಕ್ಸೆಲ್‌ನ ಸಾಮಾನ್ಯ ಹಾಳೆಗಳು ಲಿಬ್ರೆ ಆಫೀಸಿನಲ್ಲಿ ತೆರೆಯುತ್ತವೆ, ಮ್ಯಾಕ್ರೊ ಇರುವವು ಕೈ ಕೊಡುತ್ತವೆ. ಕೆಟ್ಟರೆ ಊರಿನಲ್ಲಿ ಕೇಳಲು ಜನ ಕಡಿಮೆ. ಮತ್ತೆ, ಹಳೆಯ ತಿರುಗುವ ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದರೆ ಆಗುವಷ್ಟು ಲಾಭ ಯಾವ ಆಪರೇಟಿಂಗ್ ಸಿಸ್ಟಂ ಬದಲಿಸಿದರೂ ಆಗದು. ದುಡ್ಡಿದ್ದರೆ ಮೊದಲು ಅದನ್ನು ಮಾಡಿಸಿ.

ಕಾಲೇಜಿಗೆ ನನ್ನದೊಂದು ವಿನಂತಿ ಇದೆ. ಲ್ಯಾಬಿನ ಹಳೆಯ ಕಂಪ್ಯೂಟರುಗಳಲ್ಲಿ ಎರಡಕ್ಕಾದರೂ ಲಿನಕ್ಸ್ ಹಾಕಿಸಿ. ಯಾರನ್ನೂ ಲಿನಕ್ಸ್‌ಗೆ ಎಳೆಯಲು ಅಲ್ಲ, ಎರಡನ್ನೂ ಮುಟ್ಟಿ ನೋಡಿದವರು ಮಾತ್ರ ಆರಿಸಬಲ್ಲರು ಎಂಬ ಕಾರಣಕ್ಕೆ. ತಿಂಗಳಿಗೆ ಒಂದು ಶನಿವಾರ ಮಧ್ಯಾಹ್ನ ಲ್ಯಾಬ್ ತೆರೆದಿಟ್ಟರೆ ಶಹಾಪುರ, ಸುರಪುರದ ಬಸ್ಸಿಗೆ ಹೋಗುವವರೂ ಒಂದು ತಾಸು ಕೂರಬಹುದು. ಈ ಪತ್ರಿಕೆಯ ಸಂಪಾದಕ ಮಂಡಳಿಗೂ ಒಂದು ಮಾತು: ಲೇಖನವನ್ನು ಹಳೆಯ ನುಡಿ ಫಾಂಟಿನಲ್ಲೇ ಕೊಡಿ ಎನ್ನುವುದನ್ನು ಬಿಟ್ಟು ಯೂನಿಕೋಡ್ ಕೇಳಿ.

ಸುಮ್ಮನೆ ನೋಡಬೇಕೆನ್ನುವವರು ಏನನ್ನೂ ಅಳಿಸಬೇಕಿಲ್ಲ. ಮಿಂಟ್ ತುಂಬಿದ ಪೆನ್‌ಡ್ರೈವ್ ಚುಚ್ಚಿ, ಯಂತ್ರ ಚಾಲೂ ಆಗುವಾಗ ಎಫ್12 ಒತ್ತಿ (ಕೆಲವು ಕಂಪನಿಗಳದ್ದು ಬೇರೆ ಕೀಲಿ), ಪೆನ್‌ಡ್ರೈವಿನಿಂದಲೇ ಓಡಿಸಿ ನೋಡಬಹುದು. ನಿಮ್ಮ ವೈಫೈ, ಧ್ವನಿ, ಕ್ಯಾಮೆರಾ ಕೆಲಸ ಮಾಡುತ್ತವೆಯೇ ಎಂದು ಪರೀಕ್ಷಿಸಿ, ಬೇಡವೆನಿಸಿದರೆ ಕಿತ್ತು ಮತ್ತೆ ಚಾಲೂ ಮಾಡಿ, ಹಳೆಯದು ಹಾಗೇ ಇರುತ್ತದೆ. ಹಾಕಿಕೊಳ್ಳಲು ಮನಸ್ಸಾದರೆ ಮಾತ್ರ, ಮೊದಲು ಫೋಟೊ, ಪ್ರಮಾಣಪತ್ರಗಳನ್ನೆಲ್ಲ ಬೇರೆ ಕಡೆ ನಕಲು ಮಾಡಿಟ್ಟುಕೊಳ್ಳಿ. ಆ ಮೇಲೆ ಅತ್ತರೆ ನಾನು ಜವಾಬ್ದಾರಳಲ್ಲ.

ಅಂಥ ಪೆನ್‌ಡ್ರೈವ್ ಒಂದು ನನ್ನ ಬ್ಯಾಗಿನಲ್ಲಿದೆ, 16 ಜಿಬಿಯದು. ಎರಡನೇ ಪಿಯು ಕಾಮರ್ಸ್ ತರಗತಿಗೆ ಬಂದು ಕೇಳಿದರೆ ಕೊಡುತ್ತೇನೆ. ಎರಡು ದಿನದಲ್ಲಿ ವಾಪಸ್ ಬರಬೇಕು, ಅದು ಆಪಾಳದ್ದು.