ಧರ್ಮದ ದಟ್ಟಿಗೂ ಮೊಳ ಹಾಕಿ



‘ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ’ ಎಂಬ ಗಾದೆ ನಿಮ್ಮ ಅಜ್ಜಿಯರಿಗೆ ಗೊತ್ತು. ಪುಕ್ಕಟೆ ಸಿಕ್ಕಿದ್ದನ್ನು ಅಳೆದು ನೋಡುವವರನ್ನು ಗೇಲಿ ಮಾಡುವ ಮಾತು ಅದು. ಈ ಸಲ ನಾನು ಅಳೆಯುವವರ ಪರವಾಗಿ ಮಾತಾಡುತ್ತೇನೆ.

ಆಂಟಾಪ್ ಹಿಲ್‌ನಲ್ಲಿ ನಾವು ನಾಲ್ಕಾರು ಗೃಹಿಣಿಯರು ಸಂಜೆ ಮಕ್ಕಳಿಗೆ ಪಾಠ ಹೇಳುವ ಕೋಣೆಗೆ ಒಂದು ಕಚೇರಿಯಿಂದ ಐದು ಹಳೆಯ ಕಂಪ್ಯೂಟರ್‌ಗಳು ದಾನವಾಗಿ ಬಂದವು. ಒಳಗಿದ್ದುದನ್ನೆಲ್ಲ ಅವರು ಅಳಿಸಿ ಕೊಟ್ಟಿದ್ದರು. “ಆಂಟಿ, ಎಲ್ಲಾ ಹಾಕಿ ಕೊಡ್ತೇನೆ, ಲೈಸೆನ್ಸಿನ ದುಡ್ಡೇ ಬೇಡ” ಎಂದ ರಿಪೇರಿಯ ಹುಡುಗ. ಉಳಿತಾಯವಾಯಿತೆಂದು ಹಿಗ್ಗಿ ಒಪ್ಪಿದವಳು ನಾನೇ. ಮೂರು ತಿಂಗಳಲ್ಲಿ ಕಳ್ಳ ಪ್ರತಿಯೊಡನೆ ಬಂದ ವೈರಸ್ ಹತ್ತನೆಯ ತರಗತಿಯ ಹುಡುಗಿಯೊಬ್ಬಳ ಪ್ರಾಜೆಕ್ಟನ್ನು ನುಂಗಿಬಿಟ್ಟಿತು. ಅವಳು ಅಳಲಿಲ್ಲ. “ಪರೀಕ್ಷೆಯಲ್ಲಿ ಕಾಪಿ ಹೊಡೀಬಾರ್ದು ಅಂತ ನೀವೇ ಹೇಳಿದ್ರಲ್ವಾ ಆಂಟಿ?” ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಅಂದು ರಾತ್ರಿ ಮಗನನ್ನು ಕೂರಿಸಿಕೊಂಡು ಓದಿ ತಿಳಿದದ್ದನ್ನು ಹೇಳುತ್ತೇನೆ. ನಾವು ಕೊಳ್ಳುವುದು ಸಾಫ್ಟ್‌ವೇರನ್ನಲ್ಲ, ಬಳಸುವ ಅಪ್ಪಣೆಯನ್ನು. ಹೊಸ ಯಂತ್ರದೊಡನೆ ಬಂದ ವಿಂಡೋಸ್‌ನ ಅಪ್ಪಣೆ ಆ ಯಂತ್ರಕ್ಕೇ ಅಂಟಿದ್ದು. ಮನೆ ಮಾರಿದರೆ ಕರೆಂಟಿನ ಮೀಟರ್ ಮನೆಯಲ್ಲೇ ಉಳಿಯುವಂತೆ, ಯಂತ್ರ ಯಾರ ಕೈಗೆ ಹೋದರೂ ಅದು ಜೊತೆಗೇ ಹೋಗುತ್ತದೆ. ಹಳೆಯ ಯಂತ್ರಗಳಲ್ಲಿ ಅದರ ಗುರುತು ಡಬ್ಬಿಗೆ ಅಂಟಿಸಿದ ಚೀಟಿ. 2012ರ ವಿಂಡೋಸ್ 8ರಿಂದೀಚೆಗೆ ಹೆಚ್ಚಿನವುಗಳಲ್ಲಿ ಕೀಲಿಸಂಖ್ಯೆ ಮದರ್‌ಬೋರ್ಡಿನಲ್ಲೇ ಅಡಗಿರುತ್ತದೆ. ಡಿಸ್ಕ್ ಅಳಿಸಿದರೂ ಅದು ಅಳಿಯದು. ಆದರೆ ಕಚೇರಿಗಳು ಸಗಟಾಗಿ ಪಡೆದ ಲೈಸೆನ್ಸ್ ನಮ್ಮ ಸಿ.ಜಿ.ಎಸ್. ಕಾಲೋನಿಯ ಕ್ವಾರ್ಟರ್ಸ್ ಇದ್ದಂತೆ. ನೌಕರಿ ಮುಗಿದ ಮೇಲೆ ಬೀಗದ ಕೈ ಸರಕಾರಕ್ಕೆ, ಭಾವಮೈದುನನಿಗೆ ಕೊಡುವಂತಿಲ್ಲ.

ಕಾನೂನನ್ನೂ ಕೇಳಿ. 1957ರ ಕಾಪಿರೈಟ್ ಕಾಯಿದೆಗೆ 1994ರ ತಿದ್ದುಪಡಿಯಲ್ಲಿ 63ಬಿ ಎಂಬ ಕಲಮು ಸೇರಿತು. ಕಳ್ಳ ಪ್ರತಿಯೆಂದು ತಿಳಿದೂ ಬಳಸಿದರೆ 7 ದಿನಗಳಿಂದ 3 ವರ್ಷದವರೆಗೆ ಸೆರೆ, 50 ಸಾವಿರದಿಂದ 2 ಲಕ್ಷ ರೂಪಾಯಿಯವರೆಗೆ ದಂಡ. ವ್ಯಾಪಾರಕ್ಕಲ್ಲದ ಬಳಕೆಯಾದರೆ ನ್ಯಾಯಾಲಯ ಸೆರೆಯನ್ನು ಬಿಟ್ಟು 50 ಸಾವಿರದವರೆಗಿನ ದಂಡವನ್ನಷ್ಟೇ ಹಾಕಬಹುದು. ಪಾಠದ ಕೋಣೆಗೆ ಅದೂ ಹೊರೆಯೇ.

ನಮ್ಮ ಐದರಲ್ಲಿ ಎರಡಕ್ಕೆ ಬೋರ್ಡಿನೊಳಗೆ ಅಪ್ಪಣೆ ಸಿಕ್ಕಿತು, ಅವು ವಿಂಡೋಸ್ 11ಕ್ಕೂ ತಕ್ಕವಾಗಿದ್ದವು. ಉಳಿದ ಮೂರು ತೀರಾ ಹಳೆಯವು. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದದ್ದರಿಂದ, ಅಂಥವಕ್ಕೆ ಹಣ ಸುರಿದೂ ಹೆಚ್ಚು ಲಾಭವಿಲ್ಲ. ಅವುಗಳಿಗೆ ಲಿನಕ್ಸ್ ಹಾಕಿದೆವು. ಇಂಗ್ಲಿಷ್ ಬಿ.ಎ. ಓದಿದ ನನಗೆ ಇಲ್ಲೊಂದು ಸಂತೋಷ ಸಿಕ್ಕಿತು. ಇಂಗ್ಲಿಷಿನವರು ‘ಫ್ರೀ’ ಎಂಬ ಒಂದೇ ಪದಕ್ಕೆ ಎರಡರ್ಥ ಹೇಳಿ ಒದ್ದಾಡುತ್ತಾರೆ. ನಮ್ಮಲ್ಲಿ ಪುಕ್ಕಟೆ ಬೇರೆ, ಮುಕ್ತ ಬೇರೆ. ರಿಪೇರಿಯ ಹುಡುಗ ಕೊಟ್ಟದ್ದು ಪುಕ್ಕಟೆ. ಲಿನಕ್ಸ್ ಮುಕ್ತ: ಹಂಚಿಕೊಳ್ಳಿ, ಬೇಕಾದರೆ ತಿದ್ದಿಕೊಳ್ಳಿ ಎಂದು ಅದರ ಲೈಸೆನ್ಸೇ ಹೇಳುತ್ತದೆ. ಕೇರಳದ ಸರಕಾರಿ ಶಾಲೆಗಳು ವರ್ಷಗಳಿಂದ ಇದನ್ನೇ ಬಳಸುತ್ತಿವೆ, ಕಾಸರಗೋಡಿನ ನಮ್ಮ ಕನ್ನಡ ಮಾಧ್ಯಮದ ಮಕ್ಕಳೂ ಸೇರಿ. ಅದರ ಕನ್ನಡ ಕೀಲಿಮಣೆಗಳಲ್ಲೊಂದರ ಹೆಸರು ‘ಕಗಪ’. ಅದು ಬೆಂಗಳೂರಿನ ಕನ್ನಡ ಗಣಕ ಪರಿಷತ್ತಿನ ಹೆಸರೇ!

ನಿಮ್ಮಲ್ಲಿ ಅನೇಕರು ದೊಡ್ಡ ಕಂಪನಿಗಳಲ್ಲಿದ್ದೀರಿ. ಅಲ್ಲಿಂದ ಹಳೆಯ ಯಂತ್ರ ಕೊಡಿಸುವಾಗ ಚೀಟಿ ಕೀಳಿಸಬೇಡಿ, ಲೈಸೆನ್ಸ್ ಯಾವ ಬಗೆಯದೆಂದು ಕೇಳಿ ಬರೆಸಿಕೊಳ್ಳಿ. ಲ್ಯಾಮಿಂಗ್ಟನ್ ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಬಿಲ್ಲಿನಲ್ಲೂ ಅದು ಬರಲಿ.

ಅಂದ ಹಾಗೆ, ಆ ಹುಡುಗಿ ಪ್ರಾಜೆಕ್ಟನ್ನು ಮತ್ತೆ ಬರೆದಳು. ಪಕ್ಕದಲ್ಲಿ ಕೂತು ಟೈಪ್ ಮಾಡಿಕೊಟ್ಟವಳು ನಾನು. ಅದು ನಾನು ಕಟ್ಟಿದ ದಂಡ.