ನಮ್ಮ ತರಗತಿಗೆ ಎಂತಹ ದುರ್ಬೀನು ಬೇಕು?

ದೊಡ್ಡದೆಲ್ಲವೂ ಒಳ್ಳೆಯದೆಂಬ ಭ್ರಮೆ ವಿದ್ಯಾರ್ಥಿಗಳಾದ ನಮ್ಮಲ್ಲಿ ಬಹುಮಟ್ಟಿಗೆ ಬೇರೂರಿದೆ. ಈ ವರ್ಷ ತರಗತಿಯವರೆಲ್ಲ ಕೂಡಿಸಿದ ಹಣದಿಂದ ಪಕ್ಷಿವೀಕ್ಷಣೆಗಾಗಿ ಒಂದು ದುರ್ಬೀನನ್ನು ಕೊಳ್ಳಬೇಕೆಂಬ ಮಾತು ಬಂದಾಗ ಈ ಭ್ರಮೆಯೇ ಮೊದಲು ತಲೆಯೆತ್ತಿತು. “ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ?” ಎಂಬುದೊಂದೇ ಎಲ್ಲರ ಪ್ರಶ್ನೆ. ನಮ್ಮಲ್ಲಿರುವ ಹಣವಾದರೋ ಒಂದೇ ದುರ್ಬೀನಿಗೆ ಸಾಲುವಷ್ಟು. ಆಯ್ಕೆ ತಪ್ಪಿದರೆ ಮತ್ತೊಂದನ್ನು ಕೊಳ್ಳುವಂತಿಲ್ಲ. ಆದುದರಿಂದ ನಮ್ಮ ಅಭಿಪ್ರಾಯವನ್ನು ಸಹಪಾಠಿಗಳ ಮುಂದಿಡುವುದು ಉಚಿತವೆಂದು ಭಾವಿಸಿದ್ದೇವೆ.

ದುರ್ಬೀನಿನ ಅಗತ್ಯವಾದರೂ ಏನೆಂದು ಕೇಳುವವರುಂಟು. ನಮ್ಮಲ್ಲಿ ಹಲವರ ಮನೆ ನೋಯ್ಡಾದಲ್ಲಿದೆ. ಯಮುನಾನದಿಯು ದೆಹಲಿಯನ್ನು ಬಿಟ್ಟು ಉತ್ತರಪ್ರದೇಶವನ್ನು ಹೊಗುವೆಡೆಯಲ್ಲಿ, ೧೯೯೦ರಲ್ಲಿ ಘೋಷಿತವಾದ ಓಖ್ಲಾ ಪಕ್ಷಿಧಾಮವಿದೆ. ಒಂದು ಕಡೆ ಮುಗಿಲು ಮುಟ್ಟುವ ಮನೆಗಳು. ಇನ್ನೊಂದು ಕಡೆ ನೀರು, ಜೊಂಡು, ಹಕ್ಕಿ. ಚಳಿಗಾಲದಲ್ಲಿ ಹಿಮಾಲಯದ ಆಚೆಯಿಂದ ಬಂದ ಬಾತುಗಳು ನಡುನೀರಿನಲ್ಲಿ ಕರಿಯ ಚುಕ್ಕೆಗಳಂತೆ ತೇಲುತ್ತವೆ. ಬರಿಗಣ್ಣಿಗೆ ಎಲ್ಲವೂ ಒಂದೇ. ದುರ್ಬೀನನ್ನು ಹಿಡಿದೊಡನೆ ಒಂದು ಸೂಜಿಬಾಲದ ಬಾತು, ಇನ್ನೊಂದು ಸಲಿಕೆಯಂತಹ ಕೊಕ್ಕಿನ ಬಾತು, ಮತ್ತೊಂದು ತಲೆಯ ಮೇಲೆ ಎರಡು ಕಪ್ಪು ಪಟ್ಟೆಗಳುಳ್ಳ ಹೆಬ್ಬಾತು. ಈ ಹೆಬ್ಬಾತಿನ ಜಾತಿಯೇ ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೂ ಬರುತ್ತದೆಂಬುದನ್ನು ತಿಳಿದಾಗ ಹಕ್ಕಿ ಕೇವಲ ಹಕ್ಕಿಯಾಗಿ ಉಳಿಯುವುದಿಲ್ಲ, ನಮ್ಮ ನೆಂಟನಾಗುತ್ತದೆ. ಗುರುತಿಲ್ಲದವರ ಮೇಲೆ ಅಕ್ಕರೆ ಹುಟ್ಟುವುದು ಕಷ್ಟ. ನಗರದ ನಡುವೆ ಉಳಿದಿರುವ ಇಂತಹ ನೀರಿನ ನೆಲೆಗಳನ್ನು ನಾಳೆ ಕಾಯಬೇಕಾದವರು ಇಂದು ಅವುಗಳನ್ನು ನೋಡಲು ಕಲಿಯಬೇಡವೆ?

ಇನ್ನು ಆಯ್ಕೆಯ ಮಾತು. ದುರ್ಬೀನಿನ ಮೇಲೆ ೮×೨೫ ಎಂಬಂತೆ ಎರಡು ಅಂಕಿಗಳಿರುತ್ತವೆ. ಮೊದಲನೆಯದು ವಸ್ತುವನ್ನು ಎಷ್ಟು ಪಟ್ಟು ಹತ್ತಿರ ತಂದಂತೆ ತೋರಿಸುವುದೆಂಬುದು. ಎರಡನೆಯದು ಮುಂದಿನ ಮಸೂರದ ಅಗಲ, ಮಿಲಿಮೀಟರುಗಳಲ್ಲಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ಕಂಬದ ಅಗಲ ದೊರೆಯುತ್ತದೆ. ೮×೨೫ರಲ್ಲಿ ಅದು ಸುಮಾರು ೩ ಮಿಲಿಮೀಟರು; ೧೦×೨೫ರಲ್ಲಿ ಎರಡೂವರೆ. ವ್ಯತ್ಯಾಸ ಅಲ್ಪವೆಂದು ತೋರಬಹುದು. ಆದರೆ ಕ್ಷೇತ್ರಫಲವನ್ನು ಲೆಕ್ಕಹಾಕಿದರೆ ಮೊದಲನೆಯದರ ಬೆಳಕು ಒಂದೂವರೆ ಪಟ್ಟು! ಹಗಲಿನಲ್ಲಿ ನಮ್ಮ ಕಣ್ಣಿನ ಪಾಪೆ ಎರಡು ಮೂರು ಮಿಲಿಮೀಟರಿನಷ್ಟೇ ತೆರೆದಿರುವುದರಿಂದ ೮×೨೫ರ ಬೆಳಕು ನಮಗೆ ಸಾಕು.

ವರ್ಧನಶಕ್ತಿ ಹೆಚ್ಚಿದಂತೆಲ್ಲ ಕೈಯ ನಡುಕವೂ ಅಷ್ಟೇ ಪಟ್ಟು ಹೆಚ್ಚಿ ಕಾಣುತ್ತದೆ. ಕಾಣುವ ಪ್ರದೇಶವೂ ಸಾಮಾನ್ಯವಾಗಿ ಕಿರಿದಾಗುತ್ತದೆ. ಹಾರುವ ಹಕ್ಕಿಯನ್ನು ಹುಡುಕುವಷ್ಟರಲ್ಲಿ ಅದು ಹಾರಿಯೇ ಹೋಗಿರುತ್ತದೆ. ಒಂದು ಅಂಗಡಿಯಲ್ಲಿ ಮೂವತ್ತು ಪಟ್ಟು ತೋರಿಸುವುದೆಂಬ ಪುಟ್ಟ ದುರ್ಬೀನನ್ನು ನಮ್ಮ ಕೈಗಿತ್ತರು. ಎದುರು ಮಹಡಿಯ ಪಾರಿವಾಳ ಅದರಲ್ಲಿ ಮಬ್ಬಾಗಿ, ಜ್ವರ ಬಂದಂತೆ ನಡುಗುತ್ತಿತ್ತು. ಅದನ್ನು ಅಲ್ಲಿಯೇ ಹಿಂತಿರುಗಿಸಿ ಬಂದೆವು.

ಹಾಗಾದರೆ ೮×೪೨ ಏಕೆ ಬೇಡ? ನಸುಕಿನಲ್ಲಿಯೂ ಮುಸ್ಸಂಜೆಯಲ್ಲಿಯೂ ಅದು ನಿಸ್ಸಂದೇಹವಾಗಿ ಮೇಲು. ಇದನ್ನು ಒಪ್ಪದಿರುವುದು ಅನ್ಯಾಯ. ಆದರೆ ಅದರ ತೂಕ ಮುಕ್ಕಾಲು ಕಿಲೋಗ್ರಾಮಿನ ಹತ್ತಿರ. ಚಿಕ್ಕದರದು ಕಾಲು ಕಿಲೋಗ್ರಾಮಿನಿಂದ ಸ್ವಲ್ಪ ಮೇಲೆ. ಗ್ರೇಟರ್ ನೋಯ್ಡಾದಾಚೆ ಧನೌರಿಯ ಹೊಲಗಳ ಬದಿಯಲ್ಲಿ ಸಾರಸಪಕ್ಷಿಗಳನ್ನು ಹುಡುಕುತ್ತ ನಡೆಯುವಾಗ, ಆರನೆಯ ತರಗತಿಯ ತಮ್ಮ ತಂಗಿಯರ ಕೊರಳಿಗೆ ಯಾವುದು ಹಿತ? ರಜೆಯಲ್ಲಿ ಊರಿಗೆ ಹೋದವರು ರಂಗನತಿಟ್ಟಿಗೆ ಒಯ್ಯಲು ಯಾವುದು ಸುಲಭ? ಬೀರುವಿನಲ್ಲಿ ಮಲಗಿರುವ ದೊಡ್ಡ ದುರ್ಬೀನಿಗಿಂತ ಚೀಲದಲ್ಲಿರುವ ಚಿಕ್ಕದು ಹೆಚ್ಚು ಹಕ್ಕಿಗಳನ್ನು ತೋರಿಸುತ್ತದೆ.

ಆದರೆ ಚಿಕ್ಕದೆಂಬ ಮಾತ್ರಕ್ಕೆ ಯಾವುದನ್ನಾದರೂ ಕೊಳ್ಳಬಾರದು. ನಮ್ಮಲ್ಲಿ ಕನ್ನಡಕ ಧರಿಸುವವರು ಅನೇಕರು. ಕಣ್ಣನ್ನು ಸುಮಾರು ೧೫ ಮಿಲಿಮೀಟರು ದೂರದಲ್ಲಿಟ್ಟರೂ ಪೂರ್ಣ ವೃತ್ತ ಕಾಣುವಂತಿರಬೇಕು. ಅವರಿಗೆ ಕಾಣದ ದುರ್ಬೀನು ತರಗತಿಯದಾಗಲಾರದು. ಎರಡು ಕೊಳವೆಗಳ ಚಿತ್ರಗಳು ಒಂದಾಗಿ ಸೇರಬೇಕು. ಇಲ್ಲವಾದರೆ ತಲೆನೋವು ತಪ್ಪದು. ಉತ್ತರದ ಮಂಜಿನಲ್ಲಿ ಒಳಗೆ ತೇವ ಸೇರದಂತೆ ಭದ್ರವಾಗಿ ಮುಚ್ಚಿದ್ದರೆ ಉತ್ತಮ. ದೀಪದ ಬೆಳಕಿನಲ್ಲಿ ನೋಡಿ ತೃಪ್ತರಾಗದೆ, ಅಂಗಡಿಯ ಹೊರಗೆ ಬಂದು ಮರದ ನೆರಳಿನಲ್ಲಿರುವ ಎಲೆಯೊಂದನ್ನು ನೋಡಿ ಪರೀಕ್ಷಿಸಬೇಕು. ಕೊಂಡ ಮೇಲೆ ಅದನ್ನು ಸೂರ್ಯನ ಕಡೆಗೆ ಎಂದಿಗೂ ತಿರುಗಿಸಬಾರದು. ಕ್ಷಣಮಾತ್ರದಲ್ಲಿ ಕಣ್ಣು ಕೆಡಬಹುದು.

ಆದ್ದರಿಂದ ಎಂಟು ಪಟ್ಟಿನ ಒಂದು ಚಿಕ್ಕ ದುರ್ಬೀನು, ಅದರ ಜೊತೆಗೆ ಒಂದು ದಪ್ಪ ನೋಟುಪುಸ್ತಕ, ಇವೆರಡನ್ನೂ ಕೊಳ್ಳೋಣವೆಂಬುದು ನಮ್ಮ ಸಲಹೆ. ದುರ್ಬೀನು ಸರದಿಯ ಮೇಲೆ ಎಲ್ಲರ ಕೈಗೂ ಹೋಗಲಿ. ಕಂಡದ್ದನ್ನು ಕಂಡವರು ಬರೆಯಲಿ. ಮುಂದಿನ ಚಳಿಗಾಲಕ್ಕೆ ಬಾತುಗಳು ಮರಳಿ ಬಂದಾಗ, ಅವುಗಳನ್ನು ಹೆಸರು ಹಿಡಿದು ಕರೆಯಬಲ್ಲವರು ನಮ್ಮ ತರಗತಿಯಲ್ಲಿ ಹತ್ತು ಮಂದಿಯಾದರೂ ಇದ್ದರೆ, ಕೂಡಿಸಿದ ಹಣ ಸಾರ್ಥಕವಾಯಿತೆಂದು ತಿಳಿಯುವೆವು.