ನೆಲದ ಮೇಲಿನ ಎಣ್ಣೆ

ಅಗಸನಿಗೆ ಕೊಟ್ಟ ಪಂಚೆ ಹರಿದು ಬಂದರೆ ನಾವು ಅವನೊಡನೆ ಬೀದಿಯಲ್ಲಿ ನಿಂತು ಜಗಳವಾಡುತ್ತೇವೆ. ಅಕ್ಕಸಾಲಿಗನಿಗೆ ಕೊಟ್ಟ ಸರ ಒಂದು ಗುಂಜಿ ಕಡಿಮೆಯಾಗಿ ಬಂದರೆ ಮನೆಯ ಹೆಂಗಸರು ಅವನನ್ನು ಸುಲಭವಾಗಿ ಬಿಡುವುದಿಲ್ಲ. ಆದರೆ ಗಾಜಿನ ಬಾಗಿಲು, ಒಳಗೆ ತಣ್ಣನೆಯ ಗಾಳಿ, ಕಾಗದದ ಲೋಟದಲ್ಲಿ ಕಾಫಿ, ಕೊರಳಿಗೆ ಗುರುತಿನ ಚೀಟಿ ತೂಗುಬಿಟ್ಟುಕೊಂಡು "ಸರ್, ಸರ್" ಎನ್ನುವ ತರುಣ, ಇಷ್ಟೂ ಸೇರಿದ ಕಡೆಯಲ್ಲಿ ನಮ್ಮ ವಸ್ತು ಕೆಟ್ಟು ಬಂದರೆ ಮಾತ್ರ, ತಪ್ಪು ಬಹುಶಃ ನಮ್ಮದೇ ಇರಬೇಕೆಂಬ ಸಂಕೋಚ ನಮ್ಮನ್ನು ಹಿಡಿದುಬಿಡುತ್ತದೆ. ಈ ಸಲದ ನಮ್ಮ ಮಾತು ಆ ಸಂಕೋಚವನ್ನು ಕುರಿತದ್ದು.

ನಮ್ಮದೊಂದು ಸಣ್ಣ ಕಾರು. ಇನ್ನೊಬ್ಬರು ಓಡಿಸಿ ಬಿಟ್ಟದ್ದನ್ನು ಸಾಲ ಮಾಡಿ ಕೊಂಡದ್ದು. ೪೦,೦೦೦ ಕಿಲೋಮೀಟರಿನ ಸರ್ವೀಸು ಹತ್ತಿರವಾಗಿತ್ತು. ಅತ್ತೆಯವರಿಗೆ ಕಲಬುರಗಿಯಲ್ಲಿ ಕಣ್ಣಿನ ಪೊರೆ ತೆಗೆಯುವುದೆಂದು ನಿಶ್ಚಯವಾಗಿತ್ತಾದ್ದರಿಂದ, ಇನ್ನೂರು ಕಿಲೋಮೀಟರಿಗೂ ಮೀರಿದ ದಾರಿ, ಗಾಡಿಯನ್ನು ಒಮ್ಮೆ ತೋರಿಸಿಯೇ ಹೊರಡೋಣವೆಂದು ಶನಿವಾರ ಬೆಳಿಗ್ಗೆ ಮೂಸಿಯ ಆಚೆಗಿರುವ ಕಂಪನಿಯ ವರ್ಕ್‌ಷಾಪಿಗೆ ಒಪ್ಪಿಸಿದೆವು. ಜಾಬ್ ಕಾರ್ಡಿನ ಹಿಂಬದಿಯಲ್ಲಿ ಸಾಸಿವೆಗಿಂತ ಸಣ್ಣ ಅಕ್ಷರಗಳು. ಓದದೆ ಸಹಿ ಹಾಕಿದೆವು. ಸಂಜೆ ದೀಪ ಹೊತ್ತಿದ ಮೇಲೆ ಗಾಡಿ ಕೊಟ್ಟರು. ಬಿಲ್ಲು ೬,೩೪೦ ರೂಪಾಯಿ. "ಕೆಲಸ ತೃಪ್ತಿಕರವಾಗಿದೆ" ಎಂಬ ಸಾಲಿನ ಕೆಳಗೆ ಮತ್ತೊಂದು ಸಹಿ. ಕಛೇರಿಯಲ್ಲಿ ಒಂದು ಕಾಗದವನ್ನು ಓದದೆ ಮುಂದಕ್ಕೆ ದಾಟಿಸದ ನಾವು, ನಮ್ಮ ಸ್ವಂತ ಕಾಗದಕ್ಕೆ ಕಣ್ಣು ಮುಚ್ಚಿ ಎರಡು ಸಹಿ ಹಾಕಿ ಕಾಚಿಗುಡಕ್ಕೆ ಬಂದು ಮಲಗಿದೆವು.

ಭಾನುವಾರ ಬೆಳಿಗ್ಗೆ ಸೆಲ್ಲಾರು ಗುಡಿಸಲು ಬಂದ ವಾಚ್‌ಮನ್ನನ ಹೆಂಡತಿ ನಮ್ಮ ಬಾಗಿಲು ತಟ್ಟಿದಳು. ಗಾಡಿಯ ಕೆಳಗೆ ಊಟದ ತಟ್ಟೆಯಷ್ಟು ಅಗಲ ಎಣ್ಣೆ ಹರಡಿದೆ, ಒರೆಸಲೇ ಬಿಡಲೇ ಎಂದು ಕೇಳಿದಳು. ನಾವು ಕೀಲಿ ಹಿಡಿದು, ಸ್ಟಾರ್ಟು ಮಾಡಿ ನೋಡೋಣವೆಂದು ಇಳಿದೆವು. ನಮ್ಮಾಕೆ ಹಿಂದಿನಿಂದ ಕೂಗಿದಳು: "ಸೋರುವ ಕೊಡದಲ್ಲಿ ನೀರು ಎಷ್ಟಿದೆಯೆಂದು ತಿಳಿಯದೆ ಒಲೆಯ ಮೇಲೆ ಇಡುತ್ತಾರೆಯೇ? ಮೊದಲು ಯಾರಿಗಾದರೂ ತೋರಿಸಿ."

ಆ ಒಂದು ಮಾತು ನಮ್ಮ ಎಂಜಿನನ್ನು ಉಳಿಸಿತು. ಸಣ್ಣ ಕಾರಿನ ಎಂಜಿನ್ನಿನಲ್ಲಿ ಇರುವುದೇ ಮೂರು, ಮೂರೂವರೆ ಲೀಟರು ಎಣ್ಣೆ. ಅದು ಬರಿದಾದರೆ ಉಕ್ಕು ಉಕ್ಕನ್ನು ಉಜ್ಜಿ, ಕಾದು, ಕೆಲವೇ ನಿಮಿಷಗಳಲ್ಲಿ ಎಂಜಿನ್ನು ಹಿಡಿದುಕೊಳ್ಳುತ್ತದೆ. ಜಹೀರಾಬಾದಿನ ದಾರಿಯಲ್ಲಿ ಹಾಗಾಗಿದ್ದರೆ ಗಾಡಿಯ ಬೆಲೆಯ ಬಹುಪಾಲು ಅಲ್ಲಿಯೇ ಕರಗಿ ಹೋಗುತ್ತಿತ್ತು.

ನಮ್ಮಾಕೆ ಮಗುವನ್ನು ಕರೆದುಕೊಂಡು ಬಸ್ಸಿನಲ್ಲಿ ಕಲಬುರಗಿಗೆ ಹೊರಟಳು. ನಾವು ಓಣಿಯ ಕೊನೆಯ ಉಸ್ತಾದರನ್ನು ಕರೆತಂದೆವು. ಅವರು ಚಾಪೆ ಹಾಸಿ ಮಲಗಿ, ಟಾರ್ಚು ಬಿಟ್ಟು ನೋಡಿ, ನಗುತ್ತ ಎದ್ದರು. ಎಣ್ಣೆ ನಿಲ್ಲುವ ತೊಟ್ಟಿಗೆ, ಅಂದರೆ ಆಯಿಲ್ ಚೇಂಬರಿಗೆ, ತಳದಲ್ಲಿ ಒಂದು ಬೋಲ್ಟು ಇರುತ್ತದೆ. ಹಳೆಯ ಎಣ್ಣೆಯನ್ನು ಇಳಿಸುವುದು ಅಲ್ಲಿಂದ. ಎಷ್ಟೋ ಗಾಡಿಗಳಲ್ಲಿ ಬೋಲ್ಟು ಉಕ್ಕಿನದು, ಚೇಂಬರು ಅಲ್ಯೂಮಿನಿಯಮ್ಮಿನದು. ಗಟ್ಟಿಯದು ಮೆತ್ತನೆಯದರ ಒಳಗೆ ಹೋಗುವಾಗ ಕೈಯಲ್ಲಿ ಹದವಿರಬೇಕು. ಅದಕ್ಕೆಂದೇ, ಇಷ್ಟೇ ಬಿಗಿ ಎಂದು ಅಳತೆ ತೋರಿಸುವ ಪಾನಾ ಇರುತ್ತದೆ. ಅದನ್ನು ಬಿಟ್ಟು ಗಾಳಿಯ ಗನ್ನಿನಿಂದ ಗರ್ರನೆ ತಿರುಗಿಸಿದರೆ ಒಳಗಿನ ಥ್ರೆಡ್ಡು, ಉಸ್ತಾದರ ಮಾತಿನಲ್ಲಿ "ಚೂಡಿ", ಕಿತ್ತು ಹೋಗುತ್ತದೆ. ನಮ್ಮದರಲ್ಲಿ ಹಾಗೆಯೇ ಆಗಿತ್ತು. ಅದರ ಮೇಲೆ, ನಲ್ಲಿ ಕೆಲಸದವರು ಸುತ್ತುತ್ತಾರಲ್ಲ, ಆ ಬಿಳಿಯ ಟೇಪನ್ನು ಸುತ್ತಿ ಬೋಲ್ಟನ್ನು ಕೂರಿಸಿದ್ದರು. ಟೇಪಿನ ತುದಿ ಹೊರಗೆ ಇಣುಕುತ್ತಿತ್ತು.

"ರಿಪೇರಿ ಮಾಡಿಬಿಡಿ" ಎಂದೆವು. ಉಸ್ತಾದರು ಕೈ ಹಿಂದಕ್ಕೆ ಕಟ್ಟಿಕೊಂಡರು. "ನಾನು ಮುಟ್ಟಿದರೆ ನಾಳೆ ಅವರು ನಾನೇ ಕೆಡಿಸಿದೆನೆನ್ನುತ್ತಾರೆ. ಮೊದಲು ಫೋಟೋ ತೆಗೆಯಿರಿ, ಗಾಡಿ ಎಳೆಸಿಕೊಂಡು ಹೋಗಿ" ಎಂದರು. ಎಲ್.ಎಲ್.ಬಿ. ಓದಿದವರಿಂದ ನಮಗೆ ಇದಕ್ಕಿಂತ ಒಳ್ಳೆಯ ಸಲಹೆ ದೊರೆತಿಲ್ಲ. ಬೋಲ್ಟಿನ ಫೋಟೋ, ನೆಲದ ಫೋಟೋ, ಕಿಲೋಮೀಟರಿನ ಫೋಟೋ ತೆಗೆದೆವು. ಶನಿವಾರ ಗಾಡಿ ಕೊಡುವಾಗ ಅವರೇ ಬರೆದದ್ದು ೩೯,೮೭೦. ಭಾನುವಾರ ನಮ್ಮ ಫೋಟೋದಲ್ಲಿ ೩೯,೮೭೯. ವರ್ಕ್‌ಷಾಪಿನಿಂದ ನಮ್ಮ ಮನೆಗೆ ಸರಿಯಾಗಿ ಒಂಬತ್ತು ಕಿಲೋಮೀಟರು. ಉಸ್ತಾದರು ತಾವು ಕಂಡದ್ದನ್ನು ತಮ್ಮ ಬಿಲ್ ಪುಸ್ತಕದ ಹಾಳೆಯಲ್ಲಿ ಎರಡು ಸಾಲು ಬರೆದು ಕೊಟ್ಟರು.

ಸೋಮವಾರ ರಜೆ ಹಾಕಿ, ೧,೫೦೦ ರೂಪಾಯಿ ಕೊಟ್ಟು ಗಾಡಿಯನ್ನು ಎಳೆಸಿಕೊಂಡು ಹೋದೆವು. ಕೊರಳಿನ ಚೀಟಿಯ ತರುಣ ನೋಡಿ, "ಸ್ಪೀಡ್ ಬ್ರೇಕರಿಗೆ ತಗುಲಿಸಿದ್ದೀರಿ ಸರ್" ಎಂದ. ತಗುಲಿದ್ದರೆ ಚೇಂಬರಿನ ತಳದಲ್ಲಿ ಗೀರು ಬೇಕಲ್ಲ ಎಂದೆವು. ಅವನು ಮ್ಯಾನೇಜರನ್ನು ಕರೆದ. ಮ್ಯಾನೇಜರು ನಮ್ಮ ತೃಪ್ತಿಯ ಸಹಿಯನ್ನು ನಮಗೇ ತೋರಿಸಿದರು. ಜಾಬ್ ಕಾರ್ಡಿನ ಹಿಂಬದಿಯ ಸಾಸಿವೆ ಅಕ್ಷರಗಳಲ್ಲಿ "ಗಾಡಿ ಮಾಲೀಕರ ಹೊಣೆಯ ಮೇಲೆ" ಎಂದು ಇರುವುದನ್ನೂ ಬೆರಳಿಟ್ಟು ಓದಿದರು. ಹೊಸ ಚೇಂಬರು, ಎಣ್ಣೆ, ಕೂಲಿ ಸೇರಿ ೧೧,೨೦೦ ರೂಪಾಯಿಯ ಅಂದಾಜು ಪಟ್ಟಿ ನಮ್ಮ ಕೈಗೆ ಬಂತು.

ಹೊರಗೆ ಬಂದು ನೀರಿನ ನಲ್ಲಿಯ ಹತ್ತಿರ ನಿಂತು ಮನೆಯಾಕೆಗೆ ಫೋನಿನಲ್ಲಿ ಸುದ್ದಿ ಹೇಳುತ್ತಿದ್ದೆವು. ಎಣ್ಣೆ ಮೆತ್ತಿದ ಅಂಗಿಯ ಹುಡುಗನೊಬ್ಬ ಕೈ ತೊಳೆಯುವ ನೆಪದಲ್ಲಿ ಬಂದು ನಿಂತ. "ಸರ, ನೀವು ಕನ್ನಡದೋರೇನ್ರೀ? ನಾನು ಬೀದರ ಕಡೀಯವ" ಎಂದ. ಆ ಕಡೆ ಈ ಕಡೆ ನೋಡಿ ತಗ್ಗಿದ ದನಿಯಲ್ಲಿ ಹೇಳಿದ: "ನಿಮ್ಮ ಗಾಡಿ ನಾನೇ ಮಾಡಿದ್ನಿರಿ. ಅಳತಿ ಪಾನಾ ಎರಡೇ ಅವ, ಹತ್ತು ಮಂದಿ ಅದೀವಿ. ಗನ್ನಿಗೆ ಚೂಡಿ ಹೋತು. ಚೇಂಬರ್ ಬದಲಿ ಮಾಡಬೇಕು ಅಂತ ಹೇಳಿದೆ. ಸಂಜಿಗಿ ಗಾಡಿ ಕೊಡೋದದ, ಟೇಪ್ ಸುತ್ತಿ ಬಿಡು ಅಂದ್ರು. ನನ್ನ ಹೆಸರು ಎತ್ತಬ್ಯಾಡ್ರಿ, ನೌಕ್ರಿ ಹೋಗ್ತದ."

ವಾಚಕರೇ, ನಮ್ಮ ಕೈಗೆ ಗೆಲುವಿನ ದಸ್ತಾವೇಜು ಬಂದಂತಾಯಿತು, ಆದರೆ ಅದನ್ನು ಬಿಚ್ಚುವಂತಿಲ್ಲ. ಆ ಹುಡುಗನ ಹೆಸರು ಬರೆದರೆ ನಮ್ಮ ೧೧,೨೦೦ ಉಳಿಯುತ್ತದೆ. ಅವನ ತಿಂಗಳ ಅನ್ನ ಹೋಗುತ್ತದೆ. ಬರೆಯದಿದ್ದರೆ, ನಡೆದದ್ದು ಗೊತ್ತಿದ್ದೂ ಅರ್ಧ ಮುಚ್ಚಿ ಹೇಳಿದಂತೆ. ರಾತ್ರಿ ಫೋನಿನಲ್ಲಿ ನಮ್ಮಾಕೆಯನ್ನು ಕೇಳಿದೆವು. "ನೀವು ಗಾಡಿ ಕೊಟ್ಟದ್ದು ಆ ಹುಡುಗನಿಗೋ ಕಂಪನಿಗೋ?" ಎಂದಳು. ಕಂಪನಿಗೆ ಎಂದೆವು. "ಹಾಗಾದರೆ ಅವರನ್ನೇ ಕೇಳಿ. ಹುಡುಗನ ಮಾತು ನಿಮ್ಮಲ್ಲೇ ಇರಲಿ" ಎಂದಳು.

ಆಮೇಲೆ ಎರಡು ರಾತ್ರಿ ಕಾನೂನು ಓದಿದೆವು. ನಮ್ಮಾಕೆ ಹೇಳಿದ್ದನ್ನೇ ಅದೂ ಹೇಳುತ್ತಿತ್ತು. ೧೮೭೨ರ ಭಾರತೀಯ ಕರಾರು ಕಾಯಿದೆಯ ೧೪೮ನೆಯ ಕಲಮಿನ ಪ್ರಕಾರ, ಒಂದು ಕೆಲಸಕ್ಕಾಗಿ ವಸ್ತುವನ್ನು ಮತ್ತೊಬ್ಬರ ವಶಕ್ಕೆ ಕೊಟ್ಟು, ಕೆಲಸ ಮುಗಿದ ಮೇಲೆ ಹಿಂದಕ್ಕೆ ಪಡೆಯುವುದು ಒಂದು ಬಗೆಯ ಕರಾರು. ೧೫೧ನೆಯ ಕಲಮಿನ ಪ್ರಕಾರ, ವಿವೇಕಿಯಾದವನು ತನ್ನ ಸ್ವಂತ ವಸ್ತುವನ್ನು ಎಷ್ಟು ಜೋಪಾನ ಮಾಡುವನೋ ಅಷ್ಟು ಜೋಪಾನವನ್ನು ವಶಕ್ಕೆ ಪಡೆದವನು ಮಾಡಬೇಕು. ಅಗಸನಿಗೂ ಅಕ್ಕಸಾಲಿಗನಿಗೂ ಗಾಜಿನ ಬಾಗಿಲಿನವರಿಗೂ ಒಂದೇ ಕಾನೂನು. ಕೆಲಸಗಾರನು ಕೆಲಸದಲ್ಲಿ ಮಾಡಿದ ತಪ್ಪಿಗೆ ಯಜಮಾನನೇ ಹೊಣೆ.

"ಮಾಲೀಕರ ಹೊಣೆ" ಎಂಬ ಸಾಲಿಗೂ ಉತ್ತರ ದೊರೆಯಿತು. ೧೯೯೮ರಲ್ಲಿ ದೆಹಲಿಯ ತಾಜ್ ಮಹಲ್ ಹೋಟೆಲಿಗೆ ಬಂದ ಅತಿಥಿಯೊಬ್ಬರು, ನಿಲ್ಲಿಸಿ ಬರಲೆಂದು ತಮ್ಮ ಮಾರುತಿ ಜೆನ್ ಕಾರಿನ ಕೀಲಿಯನ್ನು ಹೋಟೆಲಿನ ಆಳಿಗೆ ಕೊಟ್ಟರು. ಕಾರು ಕಳುವಾಯಿತು. ಚೀಟಿಯಲ್ಲಿ "ಮಾಲೀಕರ ಹೊಣೆ" ಎಂದು ಅಚ್ಚಾಗಿತ್ತು. ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದ ತನಕ ಹೋಯಿತು. ಗಾಡಿ ವಶಕ್ಕೆ ಬಂದ ಮೇಲೆ ತಕ್ಕ ಜೋಪಾನ ಮಾಡಿದೆವೆಂದು ತೋರಿಸುವ ಭಾರ ಹೋಟೆಲಿನದು, ತನ್ನ ಅಜಾಗರೂಕತೆಯನ್ನು ಅಚ್ಚಾದ ಒಂದು ಸಾಲಿನ ಹಿಂದೆ ಬಚ್ಚಿಡುವಂತಿಲ್ಲ ಎಂದು ೨೦೧೯ರ ನವೆಂಬರ್ ೧೪ರಂದು ತೀರ್ಪಾಯಿತು. ಇಪ್ಪತ್ತೊಂದು ವರ್ಷ ಹಿಡಿಯಿತೆಂಬುದು ಬೇರೆ ಮಾತು.

ಬಳಕೆದಾರನಿಗೂ ಹಕ್ಕುಗಳಿವೆಯೆಂದು ಅಮೆರಿಕದ ಅಧ್ಯಕ್ಷ ಕೆನೆಡಿಯವರು ತಮ್ಮ ಸಂಸತ್ತಿಗೆ ಹೇಳಿದ್ದು ೧೯೬೨ರ ಮಾರ್ಚ್ ೧೫ರಂದು. ನಮ್ಮಲ್ಲಿ ಗ್ರಾಹಕ ಸಂರಕ್ಷಣಾ ಕಾಯಿದೆ ಬಂದದ್ದು ೧೯೮೬ರಲ್ಲಿ. ಅದರ ಸ್ಥಾನಕ್ಕೆ ಬಂದ ೨೦೧೯ರ ಕಾಯಿದೆ ೨೦೨೦ರ ಜುಲೈ ೨೦ರಿಂದ ಜಾರಿಯಲ್ಲಿದೆ. ತಿಳಿಸಬೇಕಾದ ಸಂಗತಿಯನ್ನು ಬೇಕೆಂದೇ ಮುಚ್ಚಿಡುವುದೂ ಸೇವೆಯ ಕೊರತೆಯೇ ಎಂದು ಅದರಲ್ಲಿ ಸ್ಪಷ್ಟವಾಗಿದೆ. ನಮ್ಮ ಬಿಳಿಯ ಟೇಪು ಅಲ್ಲಿ ಬಂದು ಕೂತುಕೊಂಡಿತು. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗದಲ್ಲಿ ಫೀಜು ಇಲ್ಲ. ವಕೀಲರು ಬೇಕೆಂಬ ನಿಯಮವಿಲ್ಲ. ನಾವು ವಾಸವಿರುವ ಅಥವಾ ದುಡಿಯುವ ಊರಿನಲ್ಲಿಯೇ ದೂರು ಕೊಡಬಹುದು. ಗಡುವು ಎರಡು ವರ್ಷ.

ಪತ್ರ ಬರೆದೆವು. ಅದರಲ್ಲಿ ಸಿಟ್ಟಿನ ಮಾತು ಒಂದೂ ಇರಲಿಲ್ಲ, ಹುಡುಗನ ಸುದ್ದಿಯೂ ಇರಲಿಲ್ಲ. ದಿನಾಂಕ, ೩೯,೮೭೦, ೩೯,೮೭೯, ಫೋಟೋಗಳು, ಉಸ್ತಾದರ ಎರಡು ಸಾಲು, ಗೀರಿಲ್ಲದ ತಳ. ಕೊನೆಗೆ ಬೇಡಿಕೆ: ಹೊಸ ಚೇಂಬರು, ಹೊಸ ಎಣ್ಣೆ, ಎಳೆದು ತಂದ ೧,೫೦೦, ಹದಿನೈದು ದಿನದೊಳಗೆ. ಪ್ರತಿಯೊಂದನ್ನು ಗಾಡಿ ತಯಾರಿಸುವ ಕಂಪನಿಗೂ ಕಳುಹಿಸಿದೆವು. ಸ್ವೀಕರಿಸಿದ್ದಕ್ಕೆ ಸಹಿ ಮೊಹರು ಬೀಳದ ಕಾಗದ ಗಾಳಿಪಟಕ್ಕೆ ಸಮಾನವೆಂದು ಕಛೇರಿಯಲ್ಲಿ ಕಲಿತದ್ದು ಇಲ್ಲಿ ಉಪಯೋಗಕ್ಕೆ ಬಂತು. ಮೊಹರು ಬೀಳುವ ತನಕ ಅವರ ಕಿಟಕಿಯಿಂದ ಕದಲಲಿಲ್ಲ.

ನಾಲ್ಕನೆಯ ದಿನ ಫೋನು: "ಸೌಹಾರ್ದಕ್ಕಾಗಿ ಅರ್ಧ ಬಿಡುತ್ತೇವೆ." ತಪ್ಪು ನಮ್ಮದಾದರೆ ಅರ್ಧ ಏಕೆ ಬಿಡುತ್ತೀರಿ, ನಿಮ್ಮದಾದರೆ ಅರ್ಧ ಏಕೆ ಕೇಳುತ್ತೀರಿ ಎಂದು ಉತ್ತರಿಸಿದೆವು. ಅಂದೇ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ೧೯೧೫ಕ್ಕೆ ಕರೆ ಮಾಡಿ ದೂರು ದಾಖಲಿಸಿದೆವು. ಅವರು ತೀರ್ಪು ಕೊಡುವವರಲ್ಲ. ದೂರನ್ನು ಕಂಪನಿಗೆ ಮುಟ್ಟಿಸಿ ಉತ್ತರ ಕೇಳುವವರು. ನಾಂಪಲ್ಲಿಯ ಜಿಲ್ಲಾ ಆಯೋಗಕ್ಕೆ ಹೋಗುವ ದೂರಿನ ಕರಡನ್ನೂ ಸಿದ್ಧಮಾಡಿ ಇಟ್ಟುಕೊಂಡೆವು. ಹನ್ನೆರಡನೆಯ ದಿನ ಮ್ಯಾನೇಜರು ತಾವೇ ಕರೆದು, ಎಲ್ಲವನ್ನೂ ಉಚಿತವಾಗಿ ಮಾಡಿಕೊಡುವುದಾಗಿ ಹೇಳಿದರು.

ಗಾಡಿ ತರಲು ಹೋದಾಗ ಅವರು ಕಾಫಿ ತರಿಸಿದರು. ಅನಂತರ ಮೆಲ್ಲನೆ ಕೇಳಿದರು: "ಅಂದು ಇದನ್ನು ಮಾಡಿದವನ ಸಂಬಳದಲ್ಲಿ ಹಿಡಿಯಬೇಕು. ನೀವೂ ಒಂದು ಮಾತು ಬರೆದು ಕೊಟ್ಟರೆ ಅನುಕೂಲ."

ಕಾಫಿಯನ್ನು ಕೆಳಗಿಟ್ಟೆವು. ರಾಜಿ ಪತ್ರದ ಕೆಳಗೆ ನಾವು ಬರೆದದ್ದು ಇಷ್ಟು: "ಅಳತೆಯ ಪಾನಾ ಬಳಸಿದ್ದರೆ ಈ ಹಾನಿ ಆಗುತ್ತಿರಲಿಲ್ಲ. ಹಾನಿಯಾದ ಮೇಲೆ ಮೇಲ್ವಿಚಾರಕರು ತಿಳಿಸಿದ್ದರೆ ಈ ದೂರು ಬರುತ್ತಿರಲಿಲ್ಲ. ಯಾವ ಒಬ್ಬ ಕೆಲಸಗಾರನ ಮೇಲೂ ನಮ್ಮ ದೂರಿಲ್ಲ." ಮ್ಯಾನೇಜರು ಓದಿ, "ಇದು ನಮ್ಮ ಒಳಗಿನ ವಿಷಯ" ಎಂದರು. ಅದೂ ನಿಜವೇ. ಅವರ ಸಂಬಳದ ಪುಸ್ತಕಕ್ಕೆ ನಮ್ಮ ಕೈ ಮುಟ್ಟದು. ಬರುವಾಗ ಹುಡುಗ ಇನ್ನೊಂದು ಗಾಡಿಯ ಕೆಳಗೆ ಮಲಗಿದ್ದ. ಕಾಲು ಮಾತ್ರ ಕಾಣುತ್ತಿತ್ತು. ಸಂಬಳ ಪೂರ್ತಿ ಬಂತೇ ಎಂದು ಕೇಳುವ ಧೈರ್ಯ ನಮಗಾಗಲಿಲ್ಲ, ಅಲ್ಲಿ ಮಾತನಾಡಿಸಿದರೆ ಅವನಿಗೇ ತೊಂದರೆ. ೧೧,೨೦೦ ಉಳಿಯಿತೆಂಬ ಸಂತೋಷದಲ್ಲಿ ಈ ಒಂದು ಲೆಕ್ಕ ಮಾತ್ರ ತೀರದೆ ನಿಂತಿದೆ.

ಗಾಡಿಯುಳ್ಳ ಬಂಧುಗಳಿಗೆ ನಾಲ್ಕು ಮಾತು. ಕೊಡುವ ಮೊದಲು ಸುತ್ತಲೂ ಫೋಟೋ ತೆಗೆಯಿರಿ. ಹಗಲಲ್ಲೇ ತನ್ನಿ, ಅಥವಾ ದೀಪದ ಕೆಳಗೆ ತಳ ನೋಡಿ ಸಹಿ ಹಾಕಿ. ಅನುಮಾನವಿದ್ದೂ ಹಣ ಕೊಡಲೇಬೇಕಾದರೆ ಬಿಲ್ಲಿನ ಮೇಲೆ "ಆಕ್ಷೇಪಣೆಯೊಡನೆ ಪಾವತಿ" ಎಂದು ಬರೆಯಿರಿ. ಕೆಟ್ಟ ಗಾಡಿಯನ್ನು ಸ್ಟಾರ್ಟು ಮಾಡಬೇಡಿ, ಬೇರೆಯವರಿಂದ ಬಿಚ್ಚಿಸಬೇಡಿ.

ಅತ್ತೆಯವರ ಕಣ್ಣು ಈಗ ಚೆನ್ನಾಗಿದೆ. ನಮ್ಮಾಕೆ ಪ್ರತಿ ಬೆಳಿಗ್ಗೆ ಸೆಲ್ಲಾರಿಗೆ ಇಳಿದು, ಬಗ್ಗಿ, ಗಾಡಿಯ ಕೆಳಗೆ ನೋಡುತ್ತಾಳೆ. "ನೆಲ ಒಣಗಿದೆ, ಹೊರಡಿ" ಎಂದು ಅಪ್ಪಣೆಯಾದ ಮೇಲೆಯೇ ನಾವು ಕೀಲಿ ತಿರುಗಿಸುವುದು.